ಬಾಗಿಲು ಮುಚ್ಚಿದ ಹತ್ತು ನಿಮಿಷ: ಹದಿಹರೆಯದ ವ್ಯಸನ ಚಿಕಿತ್ಸೆಗೆ ಮುಂದಾಗುವ ಮಕ್ಕಳ ವೈದ್ಯರಿಗೆ ಕೈಪಿಡಿ

ವ್ಯಸನ ತಜ್ಞರ ಬಳಿಗೆ ಹದಿಹರೆಯದವರು ತಲುಪುವ ಹೊತ್ತಿಗೆ ಚಟ ಶುರುವಾಗಿ ಸಾಮಾನ್ಯವಾಗಿ ಬಹಳ ಕಾಲ ಆಗಿರುತ್ತದೆ. ಅಷ್ಟರೊಳಗೆ ಅದೇ ಹುಡುಗ ಅಥವಾ ಹುಡುಗಿ ಜ್ವರಕ್ಕೆ, ಲಸಿಕೆಗೆ, ಆಟೋಟದ ಫಿಟ್‌ನೆಸ್ ಸರ್ಟಿಫಿಕೇಟಿಗೆ ಎಂದು ಮಕ್ಕಳ ವೈದ್ಯರ ಎದುರು ಎಷ್ಟೋ ಸಲ ಕೂತು ಎದ್ದು ಹೋಗಿರುತ್ತಾರೆ. ಯಾರೂ ಕೇಳಿರುವುದಿಲ್ಲ, ಅವರೂ ಹೇಳಿರುವುದಿಲ್ಲ.

ಈ ಕೈಪಿಡಿ ಕೇಳಬೇಕೆಂದುಕೊಂಡಿರುವ ವೈದ್ಯರಿಗಾಗಿ. ಮುಂದಾಳತ್ವ ಎಂದಕೂಡಲೇ ವೇದಿಕೆ, ಮೈಕು, ನೀತಿ ಸಮಿತಿ ಕಣ್ಣಮುಂದೆ ಬರುತ್ತವೆ. ಅವೆಲ್ಲ ಆಮೇಲಿನ ಮಾತು. ತಮ್ಮದೇ ಕ್ಲಿನಿಕ್ಕಿನಲ್ಲಿ ಒಬ್ಬ ಹುಡುಗನನ್ನೂ ಒಂಟಿಯಾಗಿ ಮಾತಾಡಿಸದ ವೈದ್ಯರಿಗೆ ಸಮಿತಿಯ ಮುಂದೆ ಹೇಳುವುದಕ್ಕೆ ಬೇರೆಯವರ ಅಂಕಿಗಳಷ್ಟೇ ಇರುತ್ತವೆ, ಅದು ಕೇಳುವವರಿಗೂ ಗೊತ್ತಾಗುತ್ತದೆ. ಆದ್ದರಿಂದ ಕೆಲಸ ಒಳಗಿನಿಂದ ಹೊರಕ್ಕೆ ಸಾಗಲಿ: ಮೊದಲು ಕೋಣೆ, ಆಮೇಲೆ ಕ್ಲಿನಿಕ್, ಆಮೇಲೆ ಊರು.

ಬಾಗಿಲು ಮುಚ್ಚುವುದು

ತಂದೆ-ತಾಯಿಯನ್ನು ಹೊರಗೆ ಕಳಿಸುವ ಮಾತು ಸಂದೇಹ ಬಂದ ದಿನ ಮೊದಲ ಸಲ ಬಾಯಿಂದ ಬಂದರೆ ಅದು ಆರೋಪದಂತೆ ಕೇಳುತ್ತದೆ. ಹಾಗಾಗಬಾರದೆಂದರೆ 11–12 ವರ್ಷ ತುಂಬಿದ ಪ್ರತಿಯೊಬ್ಬರಿಗೂ, ಪ್ರತಿ ಭೇಟಿಯಲ್ಲೂ ಇದೇ ಪದ್ಧತಿ ಇರಬೇಕು. ಮೊದಲ ಐದು ನಿಮಿಷ ಎಲ್ಲರೂ ಜೊತೆಗೆ, ನಂತರ ಹತ್ತು ನಿಮಿಷ ಮಗು ಒಂಟಿಯಾಗಿ, ಕೊನೆಗೆ ಮತ್ತೆ ಎಲ್ಲರೂ. ಹೆತ್ತವರಿಗೆ ಹೇಳುವ ಮಾತು ಸರಳವಾಗಿರಲಿ: “ಈ ವಯಸ್ಸಿನ ಎಲ್ಲರನ್ನೂ ನಾನು ಸ್ವಲ್ಪ ಹೊತ್ತು ಒಬ್ಬರನ್ನೇ ಕೂರಿಸಿಕೊಂಡು ಮಾತಾಡಿಸ್ತೀನಿ. ಇನ್ನು ಕೆಲವು ವರ್ಷಕ್ಕೆ ಡಾಕ್ಟರ ಹತ್ತಿರ ತಾವೇ ಹೋಗಬೇಕಲ್ಲ, ಅದಕ್ಕೆ ಅಭ್ಯಾಸ. ನೀವು ಹೊರಗೆ ಕೂತಿರಿ, ಹತ್ತು ನಿಮಿಷಕ್ಕೆ ಕರೀತೀನಿ.” ಹೊರಡುವ ಮುಂಚೆ “ನಿಮಗೇನಾದರೂ ಚಿಂತೆ ಇದೆಯಾ?” ಎಂದು ಅವರನ್ನೂ ಕೇಳಿ. ಇದೊಂದು ಪ್ರಶ್ನೆ ಕೇಳಿದರೆ ಅರ್ಧ ವಿರೋಧ ಅಲ್ಲೇ ಕರಗುತ್ತದೆ.

ಗುಟ್ಟಿನ ಷರತ್ತನ್ನು ಹೆತ್ತವರು ಕೋಣೆಯಲ್ಲಿರುವಾಗಲೇ ಹೇಳಬೇಕು, ಇಬ್ಬರೂ ಒಂದೇ ಮಾತು ಕೇಳಿಸಿಕೊಂಡಿರಬೇಕು: “ನೀನು ಹೇಳಿದ್ದು ನಮ್ಮಿಬ್ಬರ ನಡುವೆಯೇ ಇರುತ್ತೆ. ನಿನ್ನ ಜೀವಕ್ಕೋ ಇನ್ನೊಬ್ಬರ ಜೀವಕ್ಕೋ ಅಪಾಯ ಇದ್ದರೆ, ಯಾರಾದರೂ ನಿನಗೆ ಹಿಂಸೆ ಕೊಡ್ತಿದ್ದರೆ ಮಾತ್ರ ದೊಡ್ಡವರಿಗೆ ತಿಳಿಸಲೇಬೇಕಾಗುತ್ತೆ. ಹಾಗೆ ತಿಳಿಸೋ ಮುಂಚೆ ನಿನಗೆ ಹೇಳ್ತೀನಿ. ಹೇಗೆ ಹೇಳೋದು ಅಂತ ಇಬ್ಬರೂ ಕೂತು ಯೋಚನೆ ಮಾಡೋಣ.” ‘ಏನು ಹೇಳಿದರೂ ಯಾರಿಗೂ ಹೇಳಲ್ಲ’ ಎಂದು ಮಾತ್ರ ಮಾತು ಕೊಡಬೇಡಿ. ಆತ್ಮಹತ್ಯೆಯ ಯೋಚನೆ ಹೊರಬಂದ ದಿನ ಆ ಮಾತು ಮುರಿಯಲೇಬೇಕಾಗುತ್ತದೆ, ಮುರಿದ ಮೇಲೆ ಆ ಮಗು ಇನ್ನಾವ ವೈದ್ಯರನ್ನೂ ನಂಬದೆ ಹೋಗಬಹುದು. ಯಾವ ವಯಸ್ಸಿನಿಂದ ಯಾವ ಚಿಕಿತ್ಸೆಗೆ ಹೆತ್ತವರ ಒಪ್ಪಿಗೆ ಬೇಕು, ಏನನ್ನು ವರದಿ ಮಾಡುವುದು ಕಡ್ಡಾಯ ಎಂಬುದು ಕಾನೂನಿನಿಂದ ಕಾನೂನಿಗೆ ಬೇರೆ. ಅದನ್ನು ವಕೀಲರಿಂದ ಒಮ್ಮೆ ಬರೆಸಿಕೊಂಡು, ಒಂದೇ ಪುಟಕ್ಕೆ ಇಳಿಸಿ ಗೋಡೆಗೆ ಅಂಟಿಸಿ.

ಗುಟ್ಟು ಸೋರುವುದು ಹೆಚ್ಚಾಗಿ ವೈದ್ಯರ ಬಾಯಿಂದಲ್ಲ. ಬಿಲ್ಲಿನಲ್ಲಿ ಅಚ್ಚಾದ ‘ಮೂತ್ರ ಡ್ರಗ್ ಪರೀಕ್ಷೆ’ ಎಂಬ ಸಾಲಿನಿಂದ, ಹೆತ್ತವರ ಮೊಬೈಲಿಗೆ ತಾನಾಗಿ ಹೋಗುವ ಸಂದೇಶದಿಂದ, ಅವರೇ ಪಾಸ್‌ವರ್ಡ್ ಇಟ್ಟುಕೊಂಡಿರುವ ಆನ್‌ಲೈನ್ ದಾಖಲೆಯಿಂದ, ‘ಆ ಫಾರಂ ತುಂಬಿದ್ಯೇನಪ್ಪಾ?’ ಎಂದು ಕೌಂಟರಿನಿಂದ ಕೂಗುವ ದನಿಯಿಂದ ಅದು ಹೊರಬೀಳುತ್ತದೆ. ಸ್ಕ್ರೀನಿಂಗ್ (ಎಲ್ಲರನ್ನೂ ಚಟದ ಬಗ್ಗೆ ಪ್ರಶ್ನಾವಳಿಯಿಂದ ಕೇಳುವುದು) ಶುರುಮಾಡುವ ಮುಂಚೆ ಒಬ್ಬ ಕಲ್ಪಿತ ರೋಗಿಯ ಹೆಸರಿನಲ್ಲಿ ನೋಂದಣಿಯಿಂದ ಬಿಲ್ಲಿನವರೆಗೆ ಪೂರ್ತಿ ಭೇಟಿ ನಡೆಸಿ, ಹೆತ್ತವರ ಕೈಗೆ ಯಾವ ಯಾವ ಕಾಗದ, ಯಾವ ಸಂದೇಶ ತಲುಪಿತು ಎಂದು ಎಣಿಸಿ. ಸೋರುವ ಜಾಗಗಳು ಅರ್ಧ ದಿನದಲ್ಲಿ ಸಿಗುತ್ತವೆ, ಮುಚ್ಚಿಸುವುದಕ್ಕೆ ಮಾತ್ರ ತಿಂಗಳುಗಳೇ ಬೇಕಾಗಬಹುದು.

ಪ್ರಶ್ನೆ ಕೇಳುವ ಬಗೆ

‘ನೀನು ಡ್ರಗ್ಸ್ ಗಿಗ್ಸ್ ಏನೂ ತಗೊಳಲ್ಲ ತಾನೇ?’ ಎಂಬುದು ಪ್ರಶ್ನೆಯಲ್ಲ, ಉತ್ತರವನ್ನು ಬಾಯಿಗೆ ತುರುಕುವುದು. ಅನುಭವಿ ವೈದ್ಯರು ಕೂಡ ನೋಡಿ ಅಂದಾಜಿಸುವಾಗ ಬಹಳಷ್ಟು ಮಕ್ಕಳನ್ನು ಕೈಬಿಡುತ್ತಾರೆ. ಒಳ್ಳೆಯ ಅಂಕ, ಇಸ್ತ್ರಿ ಮಾಡಿದ ಅಂಗಿ ಎರಡೂ ಕಣ್ಣು ಕಟ್ಟುತ್ತವೆ. ಆದ್ದರಿಂದ ಪರೀಕ್ಷಿಸಿ ಒಪ್ಪಿದ ಪ್ರಶ್ನಾವಳಿಯನ್ನೇ ಬಳಸಿ, ಅದರ ಪದಗಳನ್ನು ನಿಮಗೆ ಬೇಕಾದ ಹಾಗೆ ಬದಲಿಸಬೇಡಿ.

ಹೆಚ್ಚು ಬಳಕೆಯಲ್ಲಿರುವವು ಎರಡು. ಮೊದಲನೆಯದು ಕ್ರಾಫ್ಟ್. ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯಲ್ಲಿ ಜಾನ್ ನೈಟ್ ಮತ್ತು ಸಂಗಡಿಗರು ರೂಪಿಸಿದ ಇದು 12ರಿಂದ 21 ವರ್ಷದವರಿಗೆ. ಈಗಿನ ಆವೃತ್ತಿಯ ಮೊದಲ ಭಾಗ ಕಳೆದ 12 ತಿಂಗಳಲ್ಲಿ ಎಷ್ಟು ದಿನ ಮದ್ಯ, ಎಷ್ಟು ದಿನ ಗಾಂಜಾ, ಎಷ್ಟು ದಿನ ನಶೆಗಾಗಿ ಬೇರೇನಾದರೂ ಎಂದು ಕೇಳುತ್ತದೆ. ‘ತಗೊಂಡಿದ್ದೀಯಾ’ ಎಂದಲ್ಲ, ‘ಎಷ್ಟು ದಿನ’ ಎಂದು. ಸೊನ್ನೆ ಎನ್ನುವುದೂ ಸುಲಭ, ಮೂರು ಎನ್ನುವುದೂ ಸುಲಭ. ಎಲ್ಲವೂ ಸೊನ್ನೆಯಾದರೆ ವಾಹನದ ಪ್ರಶ್ನೆಯೊಂದನ್ನೇ ಕೇಳಿ ನಿಲ್ಲಿಸುವುದು. ಇಲ್ಲದಿದ್ದರೆ ಆರೂ ಪ್ರಶ್ನೆ: ನಶೆಯಲ್ಲಿದ್ದವರು ಓಡಿಸಿದ ವಾಹನದಲ್ಲಿ ಹೋಗಿದ್ದೀಯಾ ಅಥವಾ ನೀನೇ ಹಾಗೆ ಓಡಿಸಿದ್ದೀಯಾ, ಮನಸ್ಸು ಹಗುರಾಗಲೆಂದೋ ಗುಂಪಿಗೆ ಸೇರಲೆಂದೋ ಬಳಸುತ್ತೀಯಾ, ಒಬ್ಬನೇ ಇದ್ದಾಗ ಬಳಸುತ್ತೀಯಾ, ಬಳಸಿದಾಗ ಮಾಡಿದ್ದನ್ನು ಮರೆತದ್ದುಂಟಾ, ಮನೆಯವರೋ ಗೆಳೆಯರೋ ಕಡಿಮೆ ಮಾಡು ಎಂದಿದ್ದಾರಾ, ಅದರಿಂದ ತೊಂದರೆಗೆ ಸಿಕ್ಕಿಕೊಂಡದ್ದುಂಟಾ. ಎರಡು ಅಥವಾ ಹೆಚ್ಚು ‘ಹೌದು’ ಬಂದರೆ ಪೂರ್ಣ ಮೌಲ್ಯಮಾಪನ ಬೇಕು.

ಎರಡನೆಯದು ಎಸ್‌2ಬಿಐ, ಶ್ಯಾರನ್ ಲೆವಿ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ್ದು. ಕಳೆದ ವರ್ಷದಲ್ಲಿ ತಂಬಾಕು, ಮದ್ಯ, ಗಾಂಜಾ ಎಷ್ಟು ಸಲ ಎಂದು ಕೇಳಿ ನಾಲ್ಕೇ ಆಯ್ಕೆ ಕೊಡುತ್ತದೆ: ಇಲ್ಲವೇ ಇಲ್ಲ, ಒಂದೆರಡು ಸಲ, ತಿಂಗಳಿಗೊಮ್ಮೆ, ವಾರಕ್ಕೊಮ್ಮೆ ಅಥವಾ ಹೆಚ್ಚು. ಇದರ ಚೆಲುವು ಇರುವುದು ಇಲ್ಲೇ: ‘ತಿಂಗಳಿಗೊಮ್ಮೆ’ ಎಂದವರಲ್ಲಿ ಸೌಮ್ಯ ಅಥವಾ ಮಧ್ಯಮ ವ್ಯಸನ, ‘ವಾರಕ್ಕೊಮ್ಮೆ’ ಎಂದವರಲ್ಲಿ ತೀವ್ರ ವ್ಯಸನ ಇರುವ ಸಂಭವ ಹೆಚ್ಚು. ಅಂದರೆ ಉತ್ತರವೇ ಮುಂದಿನ ಹೆಜ್ಜೆ ಯಾವುದೆಂದು ಹೇಳಿಬಿಡುತ್ತದೆ. ಒಂದು ಎಚ್ಚರ: ಮಕ್ಕಳಿಗೆ ವೇಪ್ (ಇ-ಸಿಗರೇಟು) ‘ತಂಬಾಕು’ ಅನ್ನಿಸುವುದಿಲ್ಲ. ಕ್ರಾಫ್ಟ್‌ನಲ್ಲಿ ವೇಪ್ ಮತ್ತು ನಿಕೋಟಿನ್ ಸೇರಿಸಿದ ಆವೃತ್ತಿ ಬೇರೆಯೇ ಇದೆ. ತಿನ್ನರ್, ಅಂಟು, ಪೆಟ್ರೋಲ್ ಮೂಸುವುದನ್ನೂ, ಮನೆಯ ಔಷಧಿ ಡಬ್ಬಿಯ ನೋವಿನ ಮತ್ತು ನಿದ್ರೆಯ ಮಾತ್ರೆಗಳನ್ನೂ ಹೆಸರು ಹಿಡಿದೇ ಕೇಳಬೇಕು. 12–13ರ ಮಕ್ಕಳ ಕೈಗೆ ಮೊದಲು ಸಿಗುವುದು ಇಂಥವೇ.

ಫಾರಂ ಅಥವಾ ಟ್ಯಾಬ್ಲೆಟ್ ಮಗುವಿನ ಕೈಗೆ ಸಿಗಬೇಕಾದದ್ದು ಒಂಟಿ ಜಾಗದಲ್ಲಿ. ಕಾಯುವ ಹಾಲಿನಲ್ಲಿ ಪಕ್ಕದ ಕುರ್ಚಿಯಿಂದ ಅಪ್ಪ ಇಣುಕುತ್ತಿರುವಾಗ ತುಂಬಿದ ಫಾರಂ ತುಂಬದ ಫಾರಂಗಿಂತ ಕೆಟ್ಟದ್ದು, ಏಕೆಂದರೆ ಅದು ‘ಇಲ್ಲ’ ಎಂದು ದಾಖಲಾಗಿಬಿಡುತ್ತದೆ. ತೂಕ ನೋಡುವ ಕೋಣೆಯಲ್ಲಿ ನರ್ಸ್ ಕೊಟ್ಟು, ಅಲ್ಲೇ ಮರಳಿ ಪಡೆಯುವುದು ಚೆನ್ನಾಗಿ ನಡೆಯುತ್ತದೆ.

ಉತ್ತರ ಬಂದಮೇಲೆ

‘ಇಲ್ಲ’ ಎಂದವರನ್ನು ಸುಮ್ಮನೆ ಬಿಡಬೇಡಿ. “ಒಳ್ಳೆ ನಿರ್ಧಾರ. ಸ್ನೇಹಿತರು ಕೊಟ್ಟಾಗ ಏನು ಹೇಳ್ತೀಯಾ?” ಎಂದು ಕೇಳಿದರೆ ಅರ್ಧ ನಿಮಿಷ ಸಾಕು. ಒಂದೆರಡು ಸಲ ಎಂದವರಿಗೆ ನೇರ ಸಲಹೆ: ಬಿಡುವುದು ಒಳ್ಳೆಯದು, ಕಾರಣ ಇಂಥದ್ದು. ಕಾರಣ ಆ ಮಗುವಿನದೇ ಆಗಿರಬೇಕು. ಓಟಗಾರನಿಗೆ ಉಸಿರು, ಪರೀಕ್ಷೆಗೆ ಓದುವವಳಿಗೆ ನೆನಪಿನ ಶಕ್ತಿ. ನಲವತ್ತು ವರ್ಷದ ಮೇಲೆ ಬರುವ ಕ್ಯಾನ್ಸರಿನ ಭಯ ಹದಿನೈದರವರನ್ನು ಮುಟ್ಟುವುದಿಲ್ಲ.

ತಿಂಗಳಿಗೊಮ್ಮೆ ಅಥವಾ ಹೆಚ್ಚು ಎಂದವರಿಗೆ ಉಪದೇಶ ಕೆಲಸ ಮಾಡುವುದಿಲ್ಲ. ಕ್ರಾಫ್ಟ್‌ನ ಜೊತೆ ಬರುವ ಮಾತುಕತೆಯ ಕ್ರಮ ಹೀಗಿದೆ: ಅವರ ಉತ್ತರಗಳನ್ನು ಜೊತೆಗೆ ಕೂತು ನೋಡುವುದು, ಬಿಡುವುದೇ ಒಳ್ಳೆಯದೆಂದು ವೈದ್ಯರಾಗಿ ಸ್ಪಷ್ಟವಾಗಿ ಹೇಳುವುದು, ವಾಹನದ ಅಪಾಯದ ಬಗ್ಗೆ ಮಾತಾಡುವುದು, ಬಿಡಲು ಅವರಿಗಿರುವ ಕಾರಣವನ್ನು ಅವರ ಬಾಯಿಂದಲೇ ಹೊರಡಿಸುವುದು, ‘ನಿನ್ನಿಂದ ಆಗುತ್ತೆ’ ಎಂಬ ಭರವಸೆ ಕೊಡುವುದು. ಇದರಲ್ಲಿ ನಾಲ್ಕನೆಯದೇ ಪ್ರಾಣ. “ಇದರಿಂದ ನಿನಗೇನು ಸಿಗುತ್ತೆ?” ಎಂದು ಮೊದಲು ಕೇಳಿ, “ಇಷ್ಟವಾಗದ್ದು ಏನು?” ಎಂದು ಆಮೇಲೆ. ಮೊದಲ ಪ್ರಶ್ನೆ ಬಿಟ್ಟು ಎರಡನೆಯದಕ್ಕೆ ಹಾರಿದರೆ ಹುಡುಗ ಬಾಯಿ ಮುಚ್ಚುತ್ತಾನೆ. ಸಿಗುವ ಉತ್ತರದಲ್ಲೇ ರೋಗನಿರ್ಣಯದ ಸುಳಿವೂ ಇರುತ್ತದೆ: “ಸೇದಿದರೆ ಮಾತ್ರ ನಿದ್ದೆ ಬರುತ್ತೆ”, “ತಲೆಯೊಳಗಿನ ಗಲಾಟೆ ನಿಲ್ಲುತ್ತೆ” ಎಂದವರಲ್ಲಿ ಖಿನ್ನತೆ, ಆತಂಕ, ಎಡಿಎಚ್‌ಡಿ (ಗಮನ ನಿಲ್ಲದ ಚಡಪಡಿಕೆಯ ತೊಂದರೆ), ಹಳೆಯ ಆಘಾತ ಹುಡುಕಲೇಬೇಕು. ಆತ್ಮಹತ್ಯೆಯ ಪ್ರಶ್ನೆಯನ್ನು ಅದೇ ದಿನ, ಅದೇ ಕೋಣೆಯಲ್ಲಿ ಕೇಳಬೇಕು. ‘ಮೊದಲು ಚಟ ಬಿಡಲಿ, ಆಮೇಲೆ ಖಿನ್ನತೆ ನೋಡೋಣ’ ಎಂಬ ಹಳೆಯ ಪದ್ಧತಿಯಿಂದ ಎರಡೂ ವಾಸಿಯಾಗುವುದಿಲ್ಲ.

ಮಾತುಕತೆಯ ಕೊನೆಗೆ ಅಳೆಯಬಹುದಾದ ಒಂದು ಒಪ್ಪಂದ ಇರಲಿ. ‘ಕಡಿಮೆ ಮಾಡ್ತೀನಿ’ ಸಾಲದು. ‘ಮುಂದಿನ ಎರಡು ವಾರ ಶಾಲೆಯ ದಿನ ಸೇದಲ್ಲ’ ಎಂದರೆ ಅಳೆಯಬಹುದು. ಎರಡು ವಾರದ ನಂತರದ ಭೇಟಿಯ ದಿನಾಂಕ ಅವರು ಹೊರಡುವ ಮುಂಚೆಯೇ ಗೊತ್ತಾಗಿರಬೇಕು.

ಅಮೆರಿಕದ ಮನೋವೈದ್ಯರ ರೋಗನಿರ್ಣಯ ಕೈಪಿಡಿ ಡಿಎಸ್‌ಎಂ-5ರ ಪ್ರಕಾರ 12 ತಿಂಗಳ ಅವಧಿಯಲ್ಲಿ 11 ಲಕ್ಷಣಗಳ ಪೈಕಿ 2–3 ಇದ್ದರೆ ಸೌಮ್ಯ, 4–5 ಇದ್ದರೆ ಮಧ್ಯಮ, 6 ಅಥವಾ ಹೆಚ್ಚಿದ್ದರೆ ತೀವ್ರ. ತೀವ್ರವಾದಾಗ ಹೆತ್ತವರನ್ನು ಬಿಟ್ಟು ಚಿಕಿತ್ಸೆ ಸಾಗುವುದು ಕಷ್ಟ. “ಮನೆಯಲ್ಲಿ ಹೇಳೋದಕ್ಕೆ ನಾನು ಸಹಾಯ ಮಾಡ್ತೀನಿ, ಯಾವುದನ್ನು ಹೇಳಬಾರದು ಅಂತ ನಿನಗನ್ನಿಸುತ್ತೆ?” ಎಂದರೆ ಬಹುತೇಕರು ಒಪ್ಪುತ್ತಾರೆ. ಎಷ್ಟೋ ಸಲ ಮನೆಯವರಿಗೆ ಆಗಲೇ ಗೊತ್ತಿರುತ್ತದೆ. ಮಗು ಮುಚ್ಚಿಡಲು ಬಯಸುವುದು ಚಟವನ್ನಲ್ಲ, ಗೆಳೆಯರ ಹೆಸರನ್ನು.

ತಜ್ಞರಿಗೆ ಕಳಿಸುವಾಗ ಚೀಟಿ ಬರೆದು ಕೈಗಿತ್ತರೆ ಆ ಚೀಟಿ ಜೇಬಿನಲ್ಲೇ ಉಳಿಯುತ್ತದೆ. ಮಗು ಎದುರಿಗಿರುವಾಗಲೇ ಫೋನ್ ಮಾಡಿ, ನೋಡಲಿರುವವರ ಜೊತೆ ಮಾತಾಡಿಸಿ, ದಿನ-ಗಂಟೆ ಗೊತ್ತುಮಾಡಿ. ತಜ್ಞರ ಸರದಿ ಮೂರು ವಾರ ಇದ್ದರೆ ಆ ಮೂರು ವಾರವೂ ರೋಗಿ ನಿಮ್ಮವರೇ.

ಮನೆಯಲ್ಲೇ ಬಿಡಿಸಬಾರದ ಎರಡಿವೆ: ದಿನವೂ ಕುಡಿಯುವ ಮದ್ಯ ಮತ್ತು ಬೆಂಜೊಡಯಾಜೆಪೀನ್ ಗುಂಪಿನ ನಿದ್ರೆಮಾತ್ರೆ. ಇವನ್ನು ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಬಂದು ಜೀವ ಹೋಗಬಹುದು. ಮದ್ಯದಲ್ಲಿ ಫಿಟ್ಸ್ ಸಾಮಾನ್ಯವಾಗಿ ಕೊನೆಯ ಗುಟುಕಿನ 6ರಿಂದ 48 ಗಂಟೆಯೊಳಗೆ. ಅವರು ಆಸ್ಪತ್ರೆಗೆ ದಾಖಲಾಗಲಿ. ಗಾಂಜಾ ಬಿಟ್ಟಾಗ ಸಿಡುಕು, ನಿದ್ರೆಗೇಡು, ಊಟ ಸೇರದಿರುವುದು ಒಂದೆರಡು ದಿನಕ್ಕೆ ಶುರುವಾಗಿ ಮೊದಲ ವಾರದಲ್ಲಿ ಏರಿ, ಎರಡು ಮೂರು ವಾರಕ್ಕೆ ಇಳಿಯುತ್ತದೆ. ಇದನ್ನು ಮನೆಯವರಿಗೆ ಮೊದಲೇ ಹೇಳದಿದ್ದರೆ ‘ಬಿಟ್ಟಮೇಲೆ ಇನ್ನೂ ಕೆಟ್ಟ’ ಎಂದು ಜಗಳವಾಗಿ, ಹುಡುಗ ಮತ್ತೆ ಸೇದುತ್ತಾನೆ.

ಮೂತ್ರ ಪರೀಕ್ಷೆಯ ಮಿತಿ

ಹೆತ್ತವರು ಮೊದಲು ಕೇಳುವುದು ಇದನ್ನೇ: “ಗುಟ್ಟಾಗಿ ಒಂದು ಟೆಸ್ಟ್ ಮಾಡಿಬಿಡಿ ಡಾಕ್ಟ್ರೇ.” ಮಾಡಬೇಡಿ. ಪ್ರಜ್ಞೆ ಇಲ್ಲದ ತುರ್ತು ಸ್ಥಿತಿ ಬಿಟ್ಟರೆ ಮಗುವಿಗೆ ತಿಳಿಯದಂತೆ ಮಾಡಿದ ಪರೀಕ್ಷೆಯಿಂದ ಒಂದು ಉತ್ತರ ಸಿಕ್ಕೀತು, ಮುಂದಿನ ಉತ್ತರಗಳೆಲ್ಲ ನಿಂತುಹೋಗುತ್ತವೆ.

ಪರೀಕ್ಷೆಯೂ ಜನ ತಿಳಿದಷ್ಟು ಖಚಿತವಲ್ಲ. ಸಾಮಾನ್ಯ ‘ಓಪಿಯೇಟ್’ ಪಟ್ಟಿ ಮಾರ್ಫಿನ್, ಕೊಡೀನ್, ಹೆರಾಯಿನ್ ಹಿಡಿಯುತ್ತದೆ. ಫೆಂಟನಿಲ್, ಟ್ರಮಡಾಲ್, ಬ್ಯುಪ್ರೆನಾರ್ಫಿನ್‌ಗೆ ಪ್ರತ್ಯೇಕ ಪರೀಕ್ಷೆ ಬೇಕು. ಮೂಗು ಕಟ್ಟಿದ್ದಕ್ಕೆ ತೆಗೆದುಕೊಂಡ ಸ್ಯೂಡೊಎಫೆಡ್ರಿನ್, ಖಿನ್ನತೆಯ ಬ್ಯುಪ್ರೊಪಿಯಾನ್ ಆಂಫೆಟಮಿನ್ ಎಂದು ತಪ್ಪು ತೋರಿಸಬಹುದು. ದಿನವೂ ಗಾಂಜಾ ಸೇದುತ್ತಿದ್ದವರ ಮೂತ್ರ ಬಿಟ್ಟ ಮೇಲೂ ವಾರಗಟ್ಟಲೆ ಪಾಸಿಟಿವ್ ಇರುತ್ತದೆ, ಆದ್ದರಿಂದ ‘ಮತ್ತೆ ಸೇದಿದ್ದಾನೆ’ ಎಂದು ತೀರ್ಮಾನಿಸುವ ಮುಂಚೆ ಕ್ರಿಯಾಟಿನಿನ್‌ಗೆ (ಮೂತ್ರ ಎಷ್ಟು ಗಟ್ಟಿ ಎಂದು ತೋರಿಸುವ ಅಂಶ) ಹೊಂದಿಸಿದ ಗಾಂಜಾ ಅಂಶದ ಪ್ರಮಾಣ ಇಳಿಯುತ್ತಿದೆಯೇ ನೋಡಿ. ಡೆಸಿಲೀಟರಿಗೆ 20 ಮಿಲಿಗ್ರಾಂಗಿಂತ ಕಡಿಮೆ ಕ್ರಿಯಾಟಿನಿನ್ ಇದ್ದರೆ ಮಾದರಿ ನೀರಾಗಿದೆ ಎಂದರ್ಥ. ನೀರು ಬೆರೆಸಿದ್ದೂ ಇರಬಹುದು, ಬರೀ ಹೆಚ್ಚು ನೀರು ಕುಡಿದದ್ದೂ ಇರಬಹುದು. ಯಾರದಾದರೂ ಶಿಕ್ಷೆ ಫಲಿತಾಂಶದ ಮೇಲೆ ನಿಂತಿದ್ದರೆ ಮಾಸ್ ಸ್ಪೆಕ್ಟ್ರೋಮೆಟ್ರಿ ಎಂಬ ಹೆಚ್ಚು ಖಚಿತ ಪರೀಕ್ಷೆಯಿಂದ ದೃಢಪಡಿಸದೆ ಸಹಿ ಹಾಕಬೇಡಿ.

ಔಷಧಿಗೆ ಹಿಂಜರಿಕೆ ಬೇಡ

ಮಕ್ಕಳ ವೈದ್ಯರು ಅತಿ ಹೆಚ್ಚು ಹಿಂದೆ ಸರಿಯುವುದು ಇಲ್ಲಿ. ‘ಇಷ್ಟು ಚಿಕ್ಕವರಿಗೆ ಅಂಥ ಔಷಧಿಯೇ?’ ಎಂಬ ಮಾತು ಕರುಣೆಯಂತೆ ಕೇಳಿದರೂ ಓಪಿಯಾಯ್ಡ್ (ಹೆರಾಯಿನ್, ಮಾರ್ಫಿನ್ ಬಗೆಯ ವಸ್ತು) ವ್ಯಸನದಲ್ಲಿ ಅದರ ಫಲ ಸಾವು. ವಿಷ ಇಳಿಸಿ (ಡಿಟಾಕ್ಸ್ ಮಾಡಿ), ಔಷಧಿ ಇಲ್ಲದೆ ಮನೆಗೆ ಕಳಿಸಿದರೆ ದೇಹದ ತಾಳಿಕೆ ಇಳಿದಿರುತ್ತದೆ, ಆಸೆ ಇಳಿದಿರುವುದಿಲ್ಲ. ಹಳೆಯ ಪ್ರಮಾಣವನ್ನೇ ಮತ್ತೆ ತೆಗೆದುಕೊಂಡಾಗ ಉಸಿರು ನಿಲ್ಲುತ್ತದೆ. 2008ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ 15ರಿಂದ 21 ವರ್ಷದ 152 ಮಂದಿಯನ್ನು ಎರಡು ಗುಂಪು ಮಾಡಿ ಒಂದಕ್ಕೆ 14 ದಿನದ ವಿಷ ಇಳಿಸುವ ಚಿಕಿತ್ಸೆ, ಇನ್ನೊಂದಕ್ಕೆ 12 ವಾರ ಆಸೆ ಮತ್ತು ಬಿಟ್ಟಾಗಿನ ಹಿಂಸೆ ತಗ್ಗಿಸುವ ಬ್ಯುಪ್ರೆನಾರ್ಫಿನ್-ನಾಲೊಕ್ಸೋನ್ ಕೊಟ್ಟರು. 12ನೇ ವಾರಕ್ಕೆ ಚಿಕಿತ್ಸೆಯಲ್ಲಿ ಉಳಿದಿದ್ದವರು ಮೊದಲ ಗುಂಪಿನಲ್ಲಿ ಸುಮಾರು 20 ಶೇಕಡಾ, ಎರಡನೆಯದರಲ್ಲಿ 70 ಶೇಕಡಾ. ಔಷಧಿ ನಿಲ್ಲಿಸುತ್ತಿದ್ದಂತೆ ಆ ಲಾಭವೂ ಕರಗತೊಡಗಿತು, ಅಂದರೆ 12 ವಾರವೂ ಕಡಿಮೆಯೇ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2016ರಲ್ಲಿ ಓಪಿಯಾಯ್ಡ್ ವ್ಯಸನವಿರುವ ಹದಿಹರೆಯದವರಿಗೆ ಔಷಧಿ ಚಿಕಿತ್ಸೆ ಕೊಡಿ ಎಂದು ನೀತಿ ಹೇಳಿಕೆ ಹೊರಡಿಸಿತು. ಅಲ್ಲಿ ಬ್ಯುಪ್ರೆನಾರ್ಫಿನ್‌ಗೆ 16 ವರ್ಷದಿಂದ ಮೇಲೆ ಮಂಜೂರಾತಿ ಇದೆ.

ಬ್ಯುಪ್ರೆನಾರ್ಫಿನ್ ಶುರುಮಾಡುವ ಕ್ರಮ: ಕೊನೆಯ ಅಲ್ಪಾವಧಿ ಓಪಿಯಾಯ್ಡ್ ತೆಗೆದುಕೊಂಡು ಕನಿಷ್ಠ 12 ಗಂಟೆ ಕಳೆದಿರಬೇಕು, ದೇಹದಲ್ಲಿ ಬಹಳ ಹೊತ್ತು ಉಳಿಯುವ ಮೆಥಡೋನ್ ಆದರೆ ಇನ್ನೂ ಬಹಳ ಹೆಚ್ಚು. ಗಡಿಯಾರಕ್ಕಿಂತ ಮುಖ್ಯವಾದವು ಓಪಿಯಾಯ್ಡ್ ಬಿಟ್ಟಾಗಿನ ಹಿಂಸೆಯ ಲಕ್ಷಣಗಳು: ಆಕಳಿಕೆ, ಕಣ್ಣು-ಮೂಗಿನಲ್ಲಿ ನೀರು, ಅಗಲವಾದ ಕಣ್ಣಪಾಪೆ, ರೋಮಾಂಚ. ಈ ಹಿಂಸೆಯನ್ನು ಅಳೆಯುವ ಕೌಸ್ ಮಾಪಕದಲ್ಲಿ 8ರಿಂದ 12 ಅಂಕ ಬಂದ ಮೇಲೆ ನಾಲಿಗೆಯಡಿ 2ರಿಂದ 4 ಮಿಲಿಗ್ರಾಂ. ಒಂದೆರಡು ಗಂಟೆ ಕಾದು, ಹಿಂಸೆ ಉಳಿದಿದ್ದರೆ ಮತ್ತೆ ಅಷ್ಟೇ. ಮೊದಲ ದಿನ ಸಾಮಾನ್ಯವಾಗಿ 8 ಮಿಲಿಗ್ರಾಂ ಆಸುಪಾಸು, ಮುಂದೆ ಬಹಳ ಮಂದಿಗೆ ದಿನಕ್ಕೆ 16. ಅವಸರಪಟ್ಟು ಬೇಗ ಕೊಟ್ಟರೆ ಅದು ಮೆದುಳಿನ ಗ್ರಾಹಕಗಳಿಂದ ಹಳೆಯ ಓಪಿಯಾಯ್ಡನ್ನು ಹೊರದಬ್ಬಿ, ಬೇಗನೆ ಘೋರ ಹಿಂಸೆ ತರುತ್ತದೆ. ಆ ಹುಡುಗ ಮತ್ತೆ ಆ ಮಾತ್ರೆ ಮುಟ್ಟುವುದಿಲ್ಲ. ನಿತ್ಯ ಫೆಂಟನಿಲ್ ಬಳಸುತ್ತಿದ್ದವರಲ್ಲಿ ಈ ಅಪಾಯ ಹೆಚ್ಚು, ಏಕೆಂದರೆ ಅದು ಕೊಬ್ಬಿನಲ್ಲಿ ಕೂತು ನಿಧಾನಕ್ಕೆ ಹೊರಬರುತ್ತದೆ. ಅಂಥವರನ್ನು ಮೊದಲ ಸಲ ಅನುಭವಿಗಳ ಜೊತೆ ಸೇರಿ ಶುರುಮಾಡಿ. ಮಾತ್ರೆ ನುಂಗಿದರೆ ಬಹುಪಾಲು ವ್ಯರ್ಥ. ಪೂರ್ತಿ ಕರಗುವವರೆಗೆ ಮಾತು, ನೀರು ಬೇಡ. ಕರಗಿದ ಮೇಲೆ ಬಾಯಿ ಮುಕ್ಕಳಿಸಿ, ಹಲ್ಲುಜ್ಜಲು ಒಂದು ಗಂಟೆ ಕಾಯಬೇಕು. ಇಲ್ಲದಿದ್ದರೆ ಹಲ್ಲು ಹಾಳಾಗುತ್ತದೆ.

ಓಪಿಯಾಯ್ಡ್ ಬಳಸುವ ಪ್ರತಿಯೊಬ್ಬರ ಮನೆಯಲ್ಲೂ ಓಪಿಯಾಯ್ಡ್ ಅತಿಯಾಗಿ ಉಸಿರು ನಿಂತಾಗ ಎಬ್ಬಿಸುವ ನಾಲೊಕ್ಸೋನ್ ಇರಬೇಕು. ಮೂಗಿಗೆ ಹಾಕುವ 4 ಮಿಲಿಗ್ರಾಂ ಸ್ಪ್ರೇ ಒಂದು ಹೊಳ್ಳೆಗೆ. ತುರ್ತು ಸಹಾಯಕ್ಕೆ ಫೋನ್. ಉಸಿರಿಲ್ಲದಿದ್ದರೆ ಕೃತಕ ಉಸಿರು. 2–3 ನಿಮಿಷದಲ್ಲಿ ಎಚ್ಚರವಾಗದಿದ್ದರೆ ಇನ್ನೊಂದು ಹೊಳ್ಳೆಗೆ ಎರಡನೆಯದು. ಅದರ ಪ್ರಭಾವ 30ರಿಂದ 90 ನಿಮಿಷ ಮಾತ್ರ, ಎದ್ದು ಕೂತರೂ ಆಸ್ಪತ್ರೆಗೆ ಹೋಗಲೇಬೇಕು. ಇದನ್ನು ಹೆತ್ತವರಿಗಷ್ಟೇ ಅಲ್ಲ, ಒಬ್ಬ ಗೆಳೆಯನಿಗೂ ಕಲಿಸಿ. ಅಂಥ ಹೊತ್ತಿನಲ್ಲಿ ಪಕ್ಕದಲ್ಲಿರುವುದು ಅವನೇ.

ನಿಕೋಟಿನ್‌ಗೆ ಪ್ಯಾಚ್, ಗಮ್ ಎರಡೂ ಹದಿಹರೆಯದವರಲ್ಲಿ ಪ್ರಯತ್ನಿಸಬಹುದು. ಎದ್ದ 30 ನಿಮಿಷದೊಳಗೆ ಸೇದುವವರಿಗೆ 4 ಮಿಲಿಗ್ರಾಂ ಗಮ್, ಉಳಿದವರಿಗೆ 2. ಚೂಯಿಂಗ್ ಗಮ್ಮಿನಂತೆ ಒಂದೇ ಸಮನೆ ಅಗಿದರೆ ಬಿಕ್ಕಳಿಕೆ, ಹೊಟ್ಟೆ ತೊಳಸು. ಖಾರ ಹತ್ತುವವರೆಗೆ ಅಗಿದು, ಕೆನ್ನೆಯೊಳಗೆ ಇಟ್ಟು, ಖಾರ ಇಳಿದಮೇಲೆ ಮತ್ತೆ ಅಗಿಯಬೇಕು. ಗಾಂಜಾಗೆ ಮಂಜೂರಾದ ಔಷಧಿ ಇಲ್ಲ. ಅಲ್ಲಿ ಆಪ್ತಸಮಾಲೋಚನೆ, ಮನೆಯವರನ್ನು ಒಳಗೊಂಡ ಚಿಕಿತ್ಸೆ, ನಿದ್ರೆ ಮತ್ತು ಆತಂಕದ ಆರೈಕೆಯೇ ದಾರಿ.

ಕ್ಲಿನಿಕ್ಕಿನೊಳಗಿನ ಮುಂದಾಳತ್ವ

ಒಂದೇ ದಿನದಲ್ಲಿ ಎಲ್ಲರಿಗೂ ಸ್ಕ್ರೀನಿಂಗ್ ಎಂದು ಘೋಷಿಸಿದ ಕಡೆ ಅದು ಎರಡು ತಿಂಗಳಿಗೆ ಸದ್ದಿಲ್ಲದೆ ನಿಂತುಹೋಗುತ್ತದೆ. ಒಬ್ಬ ವೈದ್ಯರು, ಒಬ್ಬ ನರ್ಸ್, ವಾರಕ್ಕೆ ಒಂದು ದಿನ, ನಾಲ್ಕು ವಾರ. ಪ್ರತಿ ವಾರ ಹತ್ತು ದಾಖಲೆ ತೆಗೆದು ಎಣಿಸಿ: ಎಷ್ಟು ಮಂದಿ ಒಂಟಿಯಾಗಿ ಮಾತಾಡಿದರು, ಎಷ್ಟು ಮಂದಿ ಫಾರಂ ತುಂಬಿದರು, ಪಾಸಿಟಿವ್ ಬಂದವರಲ್ಲಿ ಎಷ್ಟು ಮಂದಿಗೆ ಮಾತುಕತೆ ನಡೆಯಿತು, ಎರಡು ವಾರಕ್ಕೆ ಮರಳಿ ಬಂದವರೆಷ್ಟು. ನಾಲ್ಕೇ ಸಂಖ್ಯೆ ಸಾಕು. ಐದನೆಯದನ್ನು ಸೇರಿಸಿದರೆ ಯಾರೂ ಎಣಿಸುವುದಿಲ್ಲ. ಮೊದಲ ಸಂಖ್ಯೆ ಕಡಿಮೆ ಬಂದರೆ ತಪ್ಪು ವೈದ್ಯರದು, ಎರಡನೆಯದಾದರೆ ಫಾರಂ ಕೊಡುವ ಜಾಗದ್ದು, ನಾಲ್ಕನೆಯದಾದರೆ ಅಪಾಯಿಂಟ್‌ಮೆಂಟ್ ಕೊಡುವ ಕ್ರಮದ್ದು. ಸ್ಕ್ರೀನ್ ಮಾಡಿದ ಎಲ್ಲರೂ ‘ಇಲ್ಲ’ ಎಂದೇ ಬರುತ್ತಿದ್ದರೆ ಸಂತೋಷಪಡಬೇಡಿ; ಯಾರೋ ಪಕ್ಕದಲ್ಲಿ ಕೂತಿದ್ದಾರೆ.

ಮಾತು ಬದಲಿಸುವುದು ಬಾಸ್ ಆದವರಿಂದಲೇ ಶುರುವಾಗಬೇಕು. ‘ಕುಡುಕ’, ‘ಗಂಜೇಡಿ’ ಎಂಬವು ಕೇಸ್‌ಶೀಟಿನಲ್ಲಿ ಇರಬಾರದು, ಸಿಬ್ಬಂದಿ ಊಟದ ಕೋಣೆಯಲ್ಲೂ ಇರಬಾರದು. ಮೂತ್ರ ‘ಕ್ಲೀನ್’, ‘ಗಲೀಜು’ ಅಲ್ಲ, ನೆಗೆಟಿವ್, ಪಾಸಿಟಿವ್. ಸಕ್ಕರೆ ಕಾಯಿಲೆಯವರ ರಕ್ತವನ್ನು ಯಾರೂ ಗಲೀಜು ಎನ್ನುವುದಿಲ್ಲವಲ್ಲ. ಕಲಿಸುವುದಕ್ಕೆ ಉಪನ್ಯಾಸಕ್ಕಿಂತ ಪಾತ್ರಾಭಿನಯ ಮೇಲು: ಒಬ್ಬರು ಹುಡುಗ, ಒಬ್ಬರು ವೈದ್ಯರು, ಮೂರನೆಯವರು ನೋಡುವವರು, ಐದು ನಿಮಿಷಕ್ಕೊಮ್ಮೆ ಅದಲುಬದಲು. ಹಿರಿಯ ವೈದ್ಯರು ಮೊದಲು ಎದ್ದು ತಡವರಿಸಿ ತೋರಿಸಿದರೆ ಕಿರಿಯರಿಗೆ ಧೈರ್ಯ ಬರುತ್ತದೆ.

ಸುತ್ತಲಿನ ವೈದ್ಯರನ್ನು ಬೆಳೆಸಲು ಒಳ್ಳೆಯ ಮಾದರಿ ಪ್ರಾಜೆಕ್ಟ್ ಎಕೊ. ನ್ಯೂ ಮೆಕ್ಸಿಕೊ ವಿಶ್ವವಿದ್ಯಾಲಯದಲ್ಲಿ ಡಾ. ಸಂಜೀವ್ ಅರೋರಾ 2003ರಲ್ಲಿ ಹೆಪಟೈಟಿಸ್ ಸಿ ಚಿಕಿತ್ಸೆಗೆಂದು ಶುರುಮಾಡಿದ್ದು. ದೂರದ ವೈದ್ಯರು ವಿಡಿಯೊದಲ್ಲಿ ಸೇರಿ ಹೆಸರಿಲ್ಲದ ಪ್ರಕರಣವೊಂದನ್ನು ಮುಂದಿಡುತ್ತಾರೆ, ತಜ್ಞರೂ ಉಳಿದವರೂ ಚರ್ಚಿಸುತ್ತಾರೆ, ಚಿಕಿತ್ಸೆ ಕೊಡುವುದು ಮಾತ್ರ ಆ ದೂರದ ವೈದ್ಯರೇ. ಔಪಚಾರಿಕ ತರಬೇತಿಯ ದಾರಿಯೂ ತೆರೆದಿದೆ: ಅಮೆರಿಕದಲ್ಲಿ 2016ರಲ್ಲಿ ವ್ಯಸನ ವೈದ್ಯಕೀಯಕ್ಕೆ ಉಪವಿಶೇಷತೆಯ ಮಾನ್ಯತೆ ಸಿಕ್ಕಾಗ ಅದನ್ನು ಮನೋವೈದ್ಯರಿಗೆ ಸೀಮಿತ ಮಾಡಲಿಲ್ಲ, ಮಕ್ಕಳ ವೈದ್ಯರೂ ಅದರೊಳಗೆ ಬರಬಹುದು.

ಗೋಡೆಯಾಚೆ

ಶಾಲೆಯವರು ಕರೆಯುವುದು ಸಾಮಾನ್ಯವಾಗಿ ಭಾಷಣಕ್ಕೆ. ಕಪ್ಪಾದ ಶ್ವಾಸಕೋಶದ ಚಿತ್ರ ತೋರಿಸಿ ಬರುವುದು ಸುಲಭ, ಫಲ ಶೂನ್ಯ. ಅಮೆರಿಕದ ಶಾಲೆಗಳಲ್ಲಿ ಪೊಲೀಸರು ಪಾಠ ಮಾಡುತ್ತಿದ್ದ ಡೇರ್ ಕಾರ್ಯಕ್ರಮದ ಮೂಲ ಪಠ್ಯ ಮಕ್ಕಳ ಬಳಕೆಯನ್ನು ಹೇಳಿಕೊಳ್ಳುವಷ್ಟು ತಗ್ಗಿಸಲಿಲ್ಲ ಎಂದು ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ಭಾಷಣದ ಬದಲು ಮುಖ್ಯೋಪಾಧ್ಯಾಯರ ಹತ್ತಿರ ಒಂದು ನಿಯಮ ಬದಲಿಸಿಕೊಂಡು ಬನ್ನಿ: ವೇಪ್ ಸಿಕ್ಕ ವಿದ್ಯಾರ್ಥಿಯನ್ನು ಹತ್ತು ದಿನ ಹೊರಹಾಕುವ ಬದಲು ಮೂರು ದಿನದೊಳಗೆ ಕ್ಲಿನಿಕ್ಕಿಗೆ ಕಳಿಸುವುದು. ಹೊರಹಾಕಿದ ಮಗುವಿಗೆ ಖಾಲಿ ಮನೆ, ಖಾಲಿ ಸಮಯ ಎರಡೂ ಸಿಗುತ್ತವೆ, ಚಟಕ್ಕೆ ಬೇಕಾದದ್ದೂ ಅವೇ. ಎಲ್ಲರ ಮೂತ್ರ ಪರೀಕ್ಷಿಸೋಣ ಎಂಬ ಸಲಹೆ ಬಂದರೆ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಅದನ್ನು ವಿರೋಧಿಸಿದೆ ಎಂದು ಮುಂದಿಡಿ.

ಊರು-ದೇಶದ ಮಟ್ಟದಲ್ಲಿ ಏನಾಗಬಹುದು ಎನ್ನುವುದಕ್ಕೆ ಐಸ್‌ಲ್ಯಾಂಡ್ ಉದಾಹರಣೆ. ಅಲ್ಲಿ 15–16ರ ಮಕ್ಕಳಲ್ಲಿ ಹಿಂದಿನ ತಿಂಗಳು ಅಮಲೇರುವಷ್ಟು ಕುಡಿದಿದ್ದವರು 1998ರಲ್ಲಿ 42 ಶೇಕಡಾ, 2016ರಲ್ಲಿ 5 ಶೇಕಡಾ. ಸಾಧಿಸಿದ್ದು ಉಪದೇಶದಿಂದಲ್ಲ: ಪ್ರತಿ ವರ್ಷ ಮಕ್ಕಳ ಸಮೀಕ್ಷೆ, ಫಲಿತಾಂಶ ಅದೇ ಶಾಲೆಗೆ ಬೇಗ ತಲುಪುವುದು, ಆಟ-ಸಂಗೀತಕ್ಕೆ ಸರ್ಕಾರದ ಹಣ, ಹೆತ್ತವರ ಒಪ್ಪಂದ, ರಾತ್ರಿ ಹೊರಗಿರುವ ಹೊತ್ತಿಗೆ ಮಿತಿ. ಕಾನೂನು ಬದಲಾವಣೆಗೆ ಇನ್ನೊಂದು: ಅಮೆರಿಕದಲ್ಲಿ ಬ್ಯುಪ್ರೆನಾರ್ಫಿನ್ ಬರೆಯಲು ವೈದ್ಯರಿಗೆ ಬೇಕಿದ್ದ ವಿಶೇಷ ಪರವಾನಗಿ 2022ರ ಡಿಸೆಂಬರ್ ಕೊನೆಯಲ್ಲಿ ರದ್ದಾಯಿತು. ಬರಿಯ ಕಾಗದದ ಅಡ್ಡಿಯೊಂದನ್ನು ತೆಗೆಸಲು ಎರಡು ದಶಕ ಹಿಡಿಯಿತು.

ಜನಪ್ರತಿನಿಧಿಯ ಬಳಿ ಹೋಗುವಾಗ ಕೈಯಲ್ಲಿ ಒಂದೇ ಪುಟ, ಅದರಲ್ಲಿ ಒಂದೇ ಬೇಡಿಕೆ. ‘ಯುವಜನರನ್ನು ಉಳಿಸಿ’ ಬೇಡಿಕೆಯಲ್ಲ. ‘ಶಾಲೆಯ ಸುತ್ತ ಸುವಾಸನೆಯ ನಿಕೋಟಿನ್ ಮಾರಾಟ ನಿಲ್ಲಿಸುವ ಈ ಕಲಮಿಗೆ ಮತ ಹಾಕಿ’ ಎಂಬುದು ಬೇಡಿಕೆ. ಮೇಲ್ಗಡೆ ನಿಮ್ಮ ಕ್ಲಿನಿಕ್ಕಿನ ಎರಡು ಅಂಕಿ, ನಡುವೆ ಬೇಡಿಕೆ, ಕೆಳಗೆ ಖರ್ಚು ಎಷ್ಟು, ಯಾರು ವಿರೋಧಿಸುತ್ತಾರೆ, ಏಕೆ. ವಿರೋಧವನ್ನು ನೀವೇ ಬರೆದಿದ್ದರೆ ಅವರು ನಿಮ್ಮನ್ನು ಮತ್ತೆ ಕರೆಯುತ್ತಾರೆ. ಸಮಿತಿಯಲ್ಲಿ ಎರಡು ನಿಮಿಷ ಎಂದರೆ ಸುಮಾರು ಇನ್ನೂರು ಪದ, ಗಡಿಯಾರ ಇಟ್ಟು ಓದಿ ನೋಡಿ. ಅಂಕಿ ಹತ್ತಕ್ಕಿಂತ ಕಡಿಮೆಯಿದ್ದರೆ ಬಹಿರಂಗಪಡಿಸಬೇಡಿ, ಸಣ್ಣ ಊರಿನಲ್ಲಿ ‘ಮೂವರು ಹುಡುಗಿಯರು’ ಎಂದರೆ ಯಾರೆಂದು ಎಲ್ಲರಿಗೂ ಗೊತ್ತಾಗುತ್ತದೆ. ಚೇತರಿಸಿಕೊಂಡ ಮಕ್ಕಳನ್ನು ಮಾತಾಡಿಸಲು ಕರೆದೊಯ್ಯುವ ಆಸೆಯನ್ನೂ ತಡೆದುಕೊಳ್ಳಿ. ಇಂದು ಹೆಮ್ಮೆಯಿಂದ ಒಪ್ಪಿದ ಹದಿನೇಳರವಳ ವಿಡಿಯೊ ಇಪ್ಪತ್ತೈದರಲ್ಲಿ ಕೆಲಸ ಹುಡುಕುವಾಗಲೂ ಸಿಗುತ್ತದೆ. ತಂಬಾಕು, ಮದ್ಯ, ವೇಪ್ ಉದ್ಯಮದ ಹಣದಲ್ಲಿ ನಡೆಯುವ ‘ಜಾಗೃತಿ’ ಕಾರ್ಯಕ್ರಮಕ್ಕೆ ಹೆಸರು ಕೊಡಬೇಡಿ. ನಾಳೆ ನೀವು ಅವರ ವಿರುದ್ಧ ಸಾಕ್ಷಿ ಹೇಳುವಾಗ ಆ ಬ್ಯಾನರಿನ ಫೋಟೊ ಮೊದಲು ಹೊರಬರುತ್ತದೆ.

ಕೈ ಬದಲಾಗುವ ವಯಸ್ಸು

ಕಷ್ಟಪಟ್ಟು ನಿಲ್ಲಿಸಿದವರು ಕಳೆದುಹೋಗುವುದು ಹದಿನೆಂಟು ದಾಟಿ ಮಕ್ಕಳ ವಿಭಾಗದಿಂದ ದೊಡ್ಡವರ ವಿಭಾಗಕ್ಕೆ ಹೋಗುವಾಗ. ವರ್ಗಾವಣೆಯ ಮಾತು ಒಂದು ವರ್ಷ ಮುಂಚೆ ಎತ್ತಿ. ಹೊಸ ವೈದ್ಯರನ್ನು ಮೊದಲ ಸಲ ನೋಡುವ ದಿನ ನಿಮ್ಮ ಕೊನೆಯ ಭೇಟಿಗಿಂತ ಮುಂಚೆ ಬರಲಿ, ನಂತರವಲ್ಲ; ಅಲ್ಲಿ ಹೊಂದಿಕೆಯಾಗದಿದ್ದರೆ ಮರಳಲು ಜಾಗ ಇರುತ್ತದೆ. ಬ್ಯುಪ್ರೆನಾರ್ಫಿನ್ ಮೇಲಿರುವವರಿಗೆ ಕೊನೆಯ ಚೀಟಿ 30 ದಿನದ್ದಿರಲಿ, ಜೊತೆಗೆ ಹೊಸ ನಾಲೊಕ್ಸೋನ್. ಕಳಿಸುವ ಪತ್ರದಲ್ಲಿ ಔಷಧಿಯ ಪ್ರಮಾಣ, ಕೊನೆಯ ಮೂತ್ರ ಪರೀಕ್ಷೆ, ಹಿಂದಿನ ಮರುಕಳಿಕೆಗಳು ಯಾವ ಸಂದರ್ಭದಲ್ಲಿ ಬಂದವು ಎಂಬುದಿರಲಿ. ಆ ಪತ್ರವನ್ನು ಕಳಿಸುವ ಮುಂಚೆ ಹುಡುಗನಿಗೇ ಓದಲು ಕೊಡಿ, ತಪ್ಪಿದ್ದರೆ ಅವನೇ ತಿದ್ದಲಿ. ಆರು ವಾರದ ನಂತರ ನರ್ಸ್ ಒಂದು ಫೋನ್ ಮಾಡಬೇಕು: ಅಲ್ಲಿಗೆ ಹೋದನೇ, ಔಷಧಿ ಸಿಗುತ್ತಿದೆಯೇ. ಫೋನ್ ಎತ್ತದಿದ್ದರೆ ಮರುದಿನ ಮತ್ತೊಮ್ಮೆ.